ಫುಲ್‌ಸ್ಕ್ರೀನೋ ಬಾರ್ಡರ್‌ಲೆಸ್ಸೋ?

ಎರಡುಪರದೆ:
ವಿಂಡೋಸ್ 11, ಮುಖ್ಯ ಮಾನಿಟರ್ 144 ಹರ್ಟ್ಜ್, ಪಕ್ಕದ್ದು 60. ಗೇಮ್ ಡೈರೆಕ್ಟ್‌ಎಕ್ಸ್ (ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ) 11ರದ್ದು. ಫುಲ್‌ಸ್ಕ್ರೀನ್‌ನಲ್ಲಿ ಆಲ್ಟ್-ಟ್ಯಾಬ್ ಒತ್ತಿದರೆ ಪರದೆ ಒಂದೆರಡು ಸೆಕೆಂಡು ಕಪ್ಪಾಗುತ್ತದೆ. ಬಾರ್ಡರ್‌ಲೆಸ್‌ನಲ್ಲಿ (ಅಂಚಿಲ್ಲದ ವಿಂಡೋ ಪರದೆ ತುಂಬ ಹರಡುವ ಮೋಡ್) ಮೌಸ್ ತಡವಾಗಿ ಸ್ಪಂದಿಸಿದಂತೆ ಅನ್ನಿಸುತ್ತದೆ. ಇದು ಬರೀ ಭ್ರಮೆಯೇ?

ಫ್ರೇಮ್‌ಲೆಕ್ಕ:
ಭ್ರಮೆಯಲ್ಲ. ಹಳೆಯ ಪದ್ಧತಿಯ ಬಾರ್ಡರ್‌ಲೆಸ್‌ನಲ್ಲಿ ಗೇಮ್ ಬಿಡಿಸಿದ ಪ್ರತಿ ಚಿತ್ರವನ್ನು, ಅಂದರೆ ಫ್ರೇಮನ್ನು, ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ನಕಲು ಮಾಡಿಕೊಂಡು, ಉಳಿದ ವಿಂಡೋಗಳ ಜೊತೆ ಸೇರಿಸಿ, ಮಾನಿಟರ್‌ನ ಮುಂದಿನ ರಿಫ್ರೆಶ್‌ಗೆ (ಪರದೆ ಹೊಸದಾಗಿ ಮೂಡುವ ಕ್ಷಣಕ್ಕೆ) ಕಾದು ತೋರಿಸುತ್ತದೆ. ಒಂದು ರಿಫ್ರೆಶ್ ಎಂದರೆ 144 ಹರ್ಟ್ಜ್‌ನಲ್ಲಿ ಸುಮಾರು 6.9 ಮಿಲಿಸೆಕೆಂಡು, 60ರಲ್ಲಿ 16.7.

ಸೆಟ್ಟಿಂಗ್ಸ್ → ಸಿಸ್ಟಮ್ → ಡಿಸ್‌ಪ್ಲೇ → ಗ್ರಾಫಿಕ್ಸ್‌ಗೆ ಹೋಗಿ. ಅಲ್ಲಿ ಡೀಫಾಲ್ಟ್ ಸೆಟ್ಟಿಂಗ್ಸ್‌ನಲ್ಲಿ ‘ಆಪ್ಟಿಮೈಸೇಶನ್ಸ್ ಫಾರ್ ವಿಂಡೋಡ್ ಗೇಮ್ಸ್’ ಆನ್ ಮಾಡಿ, ಗೇಮ್ ಮುಚ್ಚಿ ಮತ್ತೆ ತೆರೆಯಿರಿ. ಡೈರೆಕ್ಟ್‌ಎಕ್ಸ್ 10 ಮತ್ತು 11ರ ಗೇಮ್‌ಗಳು ಇದರಿಂದ ಫ್ಲಿಪ್ ಮಾಡೆಲ್ ಎಂಬ ಹೊಸ ಪದ್ಧತಿಗೆ ಬರುತ್ತವೆ. ನಕಲು ತಪ್ಪುತ್ತದೆ, ಪರದೆ ತುಂಬ ಗೇಮ್ ಒಂದೇ ಇದ್ದರೆ ಫ್ರೇಮ್ ನೇರ ಮಾನಿಟರ್‌ಗೇ ಹೋಗುತ್ತದೆ. ಡೈರೆಕ್ಟ್‌ಎಕ್ಸ್ 12 ಗೇಮ್‌ಗಳು ಹೇಗೂ ಫ್ಲಿಪ್‌ನಲ್ಲೇ ಇರುತ್ತವೆ, ಅಲ್ಲಿ ತಲೆಕೆಡಿಸಿಕೊಳ್ಳಬೇಡಿ.

ಪಟ್ಟಿನೋಡು:
ಆನ್ ಮಾಡಿ ಸುಮ್ಮನಾಗಬೇಡಿ, ಪ್ರೆಸೆಂಟ್‌ಮಾನ್ (ಫ್ರೇಮ್ ಪರದೆಗೆ ಹೇಗೆ ತಲುಪುತ್ತದೆ ಎಂದು ತೋರಿಸುವ ಟೂಲ್) ಹಾಕಿ ಪರೀಕ್ಷಿಸಿ. ಪ್ರೆಸೆಂಟ್ ಮೋಡ್‌ನಲ್ಲಿ ‘ಹಾರ್ಡ್‌ವೇರ್: ಇಂಡಿಪೆಂಡೆಂಟ್ ಫ್ಲಿಪ್’ ಬಂದರೆ ಸರಿ. ‘ಕಂಪೋಸ್ಡ್’ ಎಂದು ಶುರುವಾದರೆ ವಿಂಡೋ ಮ್ಯಾನೇಜರ್ ಇನ್ನೂ ನಡುವೆ ಇದೆ ಎಂದರ್ಥ. ಎಷ್ಟೋ ಸಲ ಗೇಮ್ ಮೇಲೆ ಕೂತ ಚಾಟ್ ಅಥವಾ ರೆಕಾರ್ಡಿಂಗ್ ಓವರ್‌ಲೇಯೇ ಕಾರಣ. ಒಂದೊಂದಾಗಿ ಮುಚ್ಚಿ ನೋಡಿ. ಎನ್‌ವಿಡಿಯಾ ಕಾರ್ಡ್‌ನಲ್ಲಿ ಜಿ-ಸಿಂಕ್ (ಮಾನಿಟರ್‌ನ ರಿಫ್ರೆಶನ್ನು ಗೇಮಿನ ಫ್ರೇಮ್‌ಗೆ ಹೊಂದಿಸುವ ಸೌಲಭ್ಯ) ಬಳಸುವವರು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದು ಫುಲ್‌ಸ್ಕ್ರೀನ್‌ಗೆ ಮಾತ್ರವೋ, ವಿಂಡೋಡ್‌ಗೂ ಇದೆಯೋ ನೋಡಿಕೊಳ್ಳಿ.

ಹಳೇಗೇಮು:
ಕಪ್ಪು ಪರದೆಯ ಬಗ್ಗೆ ಯಾರೂ ಹೇಳಲಿಲ್ಲ. ಗೇಮಿನ ಇಎಕ್ಸ್‌ಇ (ಗೇಮ್ ಶುರುಮಾಡುವ ಫೈಲ್) ಮೇಲೆ ರೈಟ್ ಕ್ಲಿಕ್ → ಪ್ರಾಪರ್ಟೀಸ್ → ಕಂಪ್ಯಾಟಿಬಿಲಿಟಿ. ‘ಡಿಸೇಬಲ್ ಫುಲ್‌ಸ್ಕ್ರೀನ್ ಆಪ್ಟಿಮೈಸೇಶನ್ಸ್’ಗೆ ಟಿಕ್ ಇದ್ದರೆ ತೆಗೆಯಿರಿ. ಹಳೆಯ ಗೈಡ್‌ಗಳನ್ನು ಓದಿ ಅನೇಕರು ಇದನ್ನು ಹಾಕಿಬಿಡುತ್ತಾರೆ. ಆಗ ಗೇಮ್ ಪರದೆಯನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ, ಹೊರಬಂದಾಗಲೆಲ್ಲ ಡಿಸ್‌ಪ್ಲೇ ಮೋಡ್ ಬದಲಾಗಬೇಕಾಗುತ್ತದೆ, ಪರದೆ ಕಪ್ಪಾಗುವುದು ಅದಕ್ಕೇ.

ಆದರೂ ಡೈರೆಕ್ಟ್‌ಎಕ್ಸ್ 9 ಗೇಮ್‌ಗಳಿಗೆ ನನ್ನ ಮತ ಫುಲ್‌ಸ್ಕ್ರೀನ್‌ಗೇ. ಫ್ರೇಮ್‌ಲೆಕ್ಕ ಹೇಳಿದ ಸೆಟ್ಟಿಂಗ್ ಅವುಗಳಿಗೆ ತಾಗುವುದಿಲ್ಲ, ಕೆಲವದರಲ್ಲಿ ಬ್ರೈಟ್‌ನೆಸ್ ಸ್ಲೈಡರ್ ಕೂಡ ಫುಲ್‌ಸ್ಕ್ರೀನ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಎರಡುಪರದೆ:
ಟಿಕ್ ಇತ್ತು, ತೆಗೆದೆ. ಬಾರ್ಡರ್‌ಲೆಸ್‌ನಲ್ಲಿ ರೆಸಲ್ಯೂಶನ್ ಆಯ್ಕೆ ಮಸುಕಾಗಿ, ಬದಲಿಸಲು ಬಾರದಂತಿದೆಯಲ್ಲ, ಯಾಕೆ?

ಫ್ರೇಮ್‌ಲೆಕ್ಕ:
ಆ ವಿಂಡೋ ಡೆಸ್ಕ್‌ಟಾಪ್‌ನಷ್ಟೇ ದೊಡ್ಡದಿರಬೇಕು, ಅದಕ್ಕೆ. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳು) ಸಾಲದಿದ್ದರೆ ರೆಂಡರ್ ಸ್ಕೇಲ್ (ಗೇಮ್ ಒಳಗೆ ಚಿತ್ರ ಬಿಡಿಸುವ ಗಾತ್ರ) ಇಳಿಸಿ. 1440ಪಿ ಡೆಸ್ಕ್‌ಟಾಪ್‌ನಲ್ಲಿ 75 ಪ್ರತಿಶತ ಇಟ್ಟರೆ ಚಿತ್ರ 1080ಪಿಯಲ್ಲಿ ತಯಾರಾಗುತ್ತದೆ, ಮೆನುವಿನ ಅಕ್ಷರ ಮಾತ್ರ ಸಾಮಾನ್ಯವಾಗಿ ಸ್ಪಷ್ಟವಾಗಿಯೇ ಉಳಿಯುತ್ತದೆ.