ಅಪ್‌ಡೇಟ್: ಮನಾಲಿಯಿಂದ ಲೇಹ್‌ಗೆ ಬೈಕ್‌ನಲ್ಲಿ ಹೋಗಿ ಬಂದೆ
ಹಳೇ ಕಾರ್ಬುರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಬೈಕ್ ಲೇಹ್‌ವರೆಗೆ ಹತ್ತುತ್ತದಾ ಅಂತ ಇಲ್ಲಿ ನಿಮ್ಮನ್ನು ಕೇಳಿದ್ದೆ. ಆರಾಮಾಗಿ ಹತ್ತಿತು!

ದಾರಿಯಲ್ಲಿ ಸಿಗುವ ಬಾರಾಲಾಚಾ ಲಾ ಕಣಿವೆದಾರಿ (ಪಾಸ್) ಸುಮಾರು 4,900 ಮೀಟರ್ ಎತ್ತರ. ಅಲ್ಲಿ ಗಾಳಿ ತೆಳು, ಹಾಗಾಗಿ ಎಂಜಿನ್‌ಗೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಬೈಕ್ ಏದುಸಿರು ಬಿಟ್ಟಿತು, ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ ಬಂತು. ಗೇರ್ ಇಳಿಸಿ, ಆಕ್ಸಿಲರೇಟರ್ ನಿಧಾನಕ್ಕೆ ಕೊಟ್ಟರೆ ಸಾಕು. ನೀವು ಹೇಳಿದಂತೆ, ಪಾಸ್ ಹತ್ತುವ ಮೊದಲು ಜಿಸ್ಪಾ ಹಳ್ಳಿಯಲ್ಲಿ ರಾತ್ರಿ ಉಳಿದದ್ದು ತುಂಬಾ ಒಳ್ಳೆಯದಾಯ್ತು. ಎತ್ತರಕ್ಕೆ ಬರುವ ತಲೆನೋವು ಬರಲೇ ಇಲ್ಲ, ಥ್ಯಾಂಕ್ಸ್! ಪೆಟ್ರೋಲ್ ಟ್ಯಾಂಕ್ ಜಿಸ್ಪಾಕ್ಕಿಂತ ಮೊದಲೇ ಸಿಗುವ ತಾಂಡಿಯಲ್ಲೇ ತುಂಬಿಸಿದೆ.

ಮುಂದೆ ಗಾಟಾ ಲೂಪ್ಸ್ ಎಂಬ ಘಾಟಿಯ 21 ತಿರುವು ಹತ್ತಿ ನಿಂತಾಗ, ಬಂದ ದಾರಿಯೆಲ್ಲ ಕೆಳಗೆ ಮಡಚಿಟ್ಟ ಹಾಗೆ ಕಾಣುತ್ತಿತ್ತು. ಎಷ್ಟು ಹೊತ್ತು ನೋಡಿದರೂ ಸಾಲದು.

ಹೊರಡುವವರಿಗೆ ಒಂದು ಮಾತು: ರಸ್ತೆಗೆ ಅಡ್ಡ ಹರಿಯುವ ನೀರಿನ ಹಳ್ಳಗಳನ್ನು ಬೆಳಿಗ್ಗೆಯೇ ದಾಟಿಬಿಡಿ. ಮಧ್ಯಾಹ್ನ ಹಿಮ ಕರಗಿ ನೀರು ಏರುತ್ತದೆ.