ದರ ಖಚಿತವಿಲ್ಲವೆಂದು ಕಾಯಬೇಕೇ?

*ಸುರೇಶ ಚಿಕ್ಕಪ್ಪ:* ಹವಾಮಾನ ಬದಲಾವಣೆಯ ಬಗ್ಗೆ ನಮ್ಮ ಮನೆಯವರ ಗುಂಪಿಗೆ ಕಳಿಸಿರುವ ಲೇಖನವನ್ನು ಎಲ್ಲರೂ ಓದಿ. ವಾತಾವರಣದ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ 1.5ರಿಂದ 4.5 ಡಿಗ್ರಿ ಬಿಸಿಯಾದೀತೆಂದು 1979ರಲ್ಲಿ ವಿಜ್ಞಾನಿಗಳು ಹೇಳಿದ್ದರು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ 2.5ರಿಂದ 4 ಎನ್ನುತ್ತದೆ. ಇಷ್ಟು ವರ್ಷಗಳಾದರೂ ಒಂದು ಸಂಖ್ಯೆ ಸಿಗದಿರುವಾಗ, ಅದು ಸಿಗುವವರೆಗೆ ಬಿಸಿಯೇರಿಕೆ ತಡೆಯಲು ಹಣ ಸುರಿಯದಿರುವುದೇ ಜಾಣತನವಲ್ಲವೇ?

*ವಿದ್ಯಾ:* ಅಂಕಿಗಳು ಸರಿಯಾಗಿವೆ ಚಿಕ್ಕಪ್ಪ, ತಕರಾರಿರುವುದು ತೀರ್ಮಾನದ ಬಗ್ಗೆ. ಕೆಳಗಿನ ಮಿತಿ 1.5ರಿಂದ 2.5ಕ್ಕೆ ಏರಿದೆಯೆಂದರೆ, ಅಗ್ಗದಲ್ಲಿ ಪಾರಾಗುವ ಆಸೆಗೇ ಜಾಗ ಕಡಿಮೆಯಾಯಿತು.

*ರಾಘು ಭಾವ:* ನಿಜವಾದ ಜಗಳ ಡಿಗ್ರಿಯದಲ್ಲ, ಬಡ್ಡಿಯದು, ಅಂದರೆ ಮುಂದಾಗುವ ನಷ್ಟವನ್ನು ಇಂದಿನ ಬೆಲೆಗೆ ಇಳಿಸಲು ವರ್ಷಕ್ಕೆ ಎಷ್ಟು ದರ ಹಿಡಿಯಬೇಕೆಂಬುದು. 2006ರ ವರದಿಯಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಸುಮಾರು ಶೇ. 1.4ರ ದರ ಹಿಡಿದು ಕೂಡಲೇ ಖರ್ಚು ಮಾಡಿ ಎಂದರು. 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ನಾರ್ಡ್‌ಹೌಸ್ ಅದಕ್ಕಿಂತ ಬಹಳ ಹೆಚ್ಚಿನ ದರ ಹಿಡಿದು ಇಂಗಾಲದ ಮೇಲೆ ನಿಧಾನಕ್ಕೆ ಏರುವ ತೆರಿಗೆ ಸಾಕೆಂದರು.

*ಸುರೇಶ ಚಿಕ್ಕಪ್ಪ:* ಹಾಗಾದರೆ ಉದಾಹರಣೆಗೆ ಒಬ್ಬರು ಶೇ. 1, ಇನ್ನೊಬ್ಬರು ಶೇ. 7 ಎಂದರೆ ನಡುವಿನ 4 ಹಿಡಿಯೋಣ. ಬ್ಯಾಂಕಿನಲ್ಲಿ ದುಡಿದವನಿಗೆ ಇದರಲ್ಲೇನೂ ಕಷ್ಟ ಕಾಣುವುದಿಲ್ಲ.

*ವಿದ್ಯಾ:* ಎಡವಟ್ಟು ಆಗುವುದು ಅಲ್ಲಿಯೇ. ನೂರು ವರ್ಷಗಳ ನಂತರ ತಪ್ಪಿಸಬಹುದಾದ 1000 ರೂಪಾಯಿ ನಷ್ಟಕ್ಕೆ ಇಂದಿನ ಬೆಲೆ ಶೇ. 1ರಲ್ಲಿ ಸುಮಾರು 370 ರೂಪಾಯಿ, ಶೇ. 7ರಲ್ಲಿ ಒಂದು ರೂಪಾಯಿ ಚಿಲ್ಲರೆ. ಯಾವ ದರ ನಿಜವೆಂದು ತಿಳಿಯದಿರುವಾಗ ಸರಾಸರಿ ತೆಗೆಯಬೇಕಾದದ್ದು ಈ ಬೆಲೆಗಳದ್ದೇ ಹೊರತು ದರಗಳದ್ದಲ್ಲ, ಹಾಗೆ ತೆಗೆದರೆ 185 ರೂಪಾಯಿ ಬರುತ್ತದೆ, ನಿಮ್ಮ ಶೇ. 4ರಲ್ಲಿ ಬರುವುದು ಬರೀ 20. ಇದನ್ನು 1998ರಲ್ಲಿ ತೋರಿಸಿಕೊಟ್ಟವರು ಅರ್ಥಶಾಸ್ತ್ರಜ್ಞ ಮಾರ್ಟಿನ್ ವೈಟ್ಜ್‌ಮನ್. ಅನಿಶ್ಚಿತತೆಯೇ ಇಂದು ಸುಮಾರು ಒಂಬತ್ತು ಪಟ್ಟು ಖರ್ಚನ್ನು ಸಮರ್ಥಿಸುತ್ತಿದೆ.

*ಸುರೇಶ ಚಿಕ್ಕಪ್ಪ:* ಮೊಮ್ಮಕ್ಕಳು ನಮಗಿಂತ ಸಿರಿವಂತರಾಗಿರುತ್ತಾರಲ್ಲ, ಇಂದಿನ ಬಡವ ಅವರಿಗಾಗಿ ಏಕೆ ತೆರಬೇಕು?

*ವಿದ್ಯಾ:* ಯಾರು ತೆರಬೇಕೆಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಬಡ ದೇಶಗಳು ಕೇಳುತ್ತಿರುವುದೂ ಅದನ್ನೇ. ಆದರೆ ಕಾಯಬೇಕೆಂಬುದಕ್ಕೆ ಅದು ಉತ್ತರವಾಗುವುದಿಲ್ಲ. ಶೇ. 1ರ ದರ ನಿಜವಾಗುವುದು ಆರ್ಥಿಕ ಬೆಳವಣಿಗೆ ಕುಂಟಿದ ಜಗತ್ತಿನಲ್ಲಿ. ಅಲ್ಲಿ ಮೊಮ್ಮಕ್ಕಳು ಸಿರಿವಂತರಾಗಿರುವುದಿಲ್ಲ.

*ಸುರೇಶ ಚಿಕ್ಕಪ್ಪ:* ಕ್ಯಾಲ್ಕ್ಯುಲೇಟರ್ ಹಿಡಿದು ನೋಡಿದೆ, 185 ಸರಿಯಾಗಿದೆ. ಆದರೆ ಎರಡೂ ದರಗಳಿಗೆ ಸಮಪಾಲು ಸಾಧ್ಯತೆ ಕೊಟ್ಟವರು ಯಾರಮ್ಮ?

*ವಿದ್ಯಾ:* ನಾನೇ ಕೊಟ್ಟದ್ದು, ಒಪ್ಪುತ್ತೇನೆ. ನೀವು ಶೇ. 7ಕ್ಕೆ ನೂರರಲ್ಲಿ ತೊಂಬತ್ತು ಪಾಲು ಕೊಟ್ಟು ನೋಡಿ: ಆಗಲೂ 38 ರೂಪಾಯಿ ಉಳಿಯುತ್ತದೆ, ದರಗಳ ಸರಾಸರಿ ಹಿಡಿದರೆ ಎರಡೇ ರೂಪಾಯಿ.