ಏಳ್ನೂರು ರೂಪಾಯಿ ಲೇಬರ್ ಉಳಿಸಿದ ಕಥೆ

ಹೋದ್ ತಿಂಗಳು ಬೆಳಗಾವಿಯಿಂದ ವಾಪಸ್ ಬರ್ತಿದ್ವಿ. ಕಾತ್ರಜ್ ಹೊಸ ಟನಲ್ ದಾಟಿದ ಮೇಲೆ ನವಲೆ ಬ್ರಿಡ್ಜ್ ಕಡೆಗೆ ಒಂದು ಉದ್ದದ ಇಳಿಜಾರು ಇದೆಯಲ್ಲ, ಪುಣೆಲಿರೋರಿಗೆ ಹೇಳೋದೇ ಬೇಡ, ಬ್ರೇಕ್ ಹಿಡೀದೆ ಬಂದ ಲಾರಿಗಳು ಮುಂದೆ ಸಿಕ್ಕಿದ್ದನ್ನೆಲ್ಲ ಗುಡಿಸಿಕೊಂಡು ಹೋಗಿರೋ ಜಾಗ ಅದು, ಸರಿಯಾಗಿ ಅಲ್ಲೇ ನನ್ನ ಕಾರಿನ ಮುಂದಿನ ಎಡಗಡೆ ಚಕ್ರ ಕಿಂಯ್ಯ್ ಅಂತು. ಹೆಂಡ್ತಿ ಮೊಬೈಲಿಂದ ತಲೆ ಎತ್ತಿ "ಏನ್ರೀ ಅದು?" ಅಂದ್ಲು. ನಾನು "ಯಾವ್ದೋ ಹಕ್ಕಿ" ಅಂದೆ. ಹಕ್ಕಿ ನಮ್ಮ ಮನೆ ಪಾರ್ಕಿಂಗ್ ತನಕ ಜೊತೇಲೇ ಬಂತು.

ಭಾನುವಾರ ಬೆಳಗ್ಗೆ ನಾವು ಮೂರು ಜನ ಕನ್ನಡದೋರು ಸೊಸೈಟಿ ಎದುರಿನ ಅಮೃತತುಲ್ಯದಲ್ಲಿ ಚಹಾ ಕುಡಿಯೋದು ವಾಡಿಕೆ. ನಾನು ಮೈಸೂರಿನವನು, ಪಾಟೀಲ ಧಾರವಾಡದವನು, ಶೆಟ್ರು ಕುಂದಾಪುರದೋರು. ಶೆಟ್ರು ವಯಸ್ಸಲ್ಲಿ ಹಿರಿಯರು, ಮೂವತ್ತು ವರ್ಷ ಹೋಟೆಲ್ ನಡೆಸಿ ಈಗ ಮಗನಿಗೆ ಗಲ್ಲಾ ಬಿಟ್ಟುಕೊಟ್ಟು ಎಲ್ಲರ ಲೆಕ್ಕ ಪರೀಕ್ಷೆ ಮಾಡ್ಕೊಂಡಿದ್ದಾರೆ. ಆ ಭಾನುವಾರ ನಾನು ಜೇಬಿಂದ ವರ್ಕ್‌ಶಾಪಿನ ಎಸ್ಟಿಮೇಟ್ ತೆಗೆದು ಟೇಬಲ್ ಮೇಲೆ ಇಟ್ಟೆ. ಪ್ಯಾಡ್ ಸೆಟ್ 1,900, ಲೇಬರ್ 700, ಡಿಸ್ಕ್ ಲೇತ್ ಹೊಡೆಯೋಕೆ, ಅಂದ್ರೆ ಅದರ ಮೈ ಕೆತ್ತಿ ನುಣ್ಣಗೆ ಮಾಡೋಕೆ, 800, ಬ್ರೇಕ್ ಆಯಿಲ್ ಬದಲಾಯಿಸೋಕೆ 650, ಬ್ರೇಕ್ ಕ್ಲೀನಿಂಗ್ 400. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 5,251.

ಪಾಟೀಲ ಕ್ರೀಮ್ ರೋಲ್ ಕಚ್ಚೋದು ನಿಲ್ಲಿಸಿದ. "ಏನಲೇ ಇದು, ಏಳ್ನೂರು ರೂಪಾಯಿ ಲೇಬರ್? ಎರಡು ಬೋಲ್ಟ್ ಬಿಚ್ಚಾಕ? ನಮ್ಮ ಕಾಕಾ ಟ್ರ್ಯಾಕ್ಟರ್ ಇಂಜನ್ ಇಳಿಸಿ ಮಧ್ಯಾಹ್ನ ಊಟದೊಳಗ ಏರಿಸ್ತಿದ್ದ."

"ಆ ಟ್ರ್ಯಾಕ್ಟರ್ ಆಮೇಲೆ ಓಡ್ತಾ?" ಅಂದ್ರು ಶೆಟ್ರು.

"ಅದು ಬ್ಯಾರೆ ವಿಷಯ ಬಿಡ್ರಿ."

ಕಾರಿನ ಬ್ರೇಕ್ ಬಗ್ಗೆ ನನಗೂ ಅಷ್ಟಿಷ್ಟು ಗೊತ್ತಿತ್ತು, ಅಂದ್ರೆ ಶನಿವಾರ ರಾತ್ರಿ ಎರಡು ಗಂಟೆವರೆಗೂ ವಿಡಿಯೋ ನೋಡಿದ್ದೆ. ನಮ್ಮ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಚಕ್ರದ ಜೊತೆ ತಿರುಗೋ ಡಿಸ್ಕನ್ನ ಎರಡೂ ಕಡೆಯಿಂದ ಒತ್ತಿ ಹಿಡಿದು ನಿಲ್ಲಿಸೋದು ಈ ಪ್ಯಾಡು. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಎಲ್ಲ ಮುಂದಕ್ಕೆ ಬಾಗುತ್ತೆ, ಅದಕ್ಕೇ ಮುಂದಿನ ಪ್ಯಾಡ್‌ಗಳೇ ಜಾಸ್ತಿ ದುಡಿದು ಬೇಗ ಸವೆಯೋದು. ಪ್ಯಾಡು ಸವೆದು ಎರಡು ಮೂರು ಮಿಲಿಮೀಟರಿಗೆ ಬಂದಾಗ ಅದರಲ್ಲೇ ಇರೋ ಒಂದು ತಗಡಿನ ನಾಲಿಗೆ ಡಿಸ್ಕಿಗೆ ತಾಗಿ ಕಿರುಚುತ್ತೆ, ನನ್ನನ್ನ ಬದಲಾಯಿಸಪ್ಪಾ ಅಂತ. ಅದೇ ನನ್ನ ಹಕ್ಕಿ. ಕಿರುಚಿದ್ರೂ ಕೇಳಿಸ್ಕೊಳ್ಳದೆ ಓಡಿಸಿದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕೇ ಹಾಳು, ಆಗ ಐದು ಸಾವಿರಕ್ಕೆ ಮುಗಿಯೋ ಮಾತಲ್ಲ.

"ಒಂದು ಹೇಳ್ತೇನೆ ಕೇಳಿ" ಅಂದ್ರು ಶೆಟ್ರು, "ನಮ್ಮ ಹೋಟ್ಲಿಗೆ ಬಂದು ಗಿರಾಕಿ ಹೇಳ್ತಾರೆ, ಈ ದೋಸೆ ಮನೆಯಲ್ಲಿ ಹದಿನೈದು ರೂಪಾಯಿಗೆ ಆಗ್ತದೆ ಅಂತ. ಆಗ್ತದೆ, ಯಾರು ಇಲ್ಲ ಅಂದ್ರು. ಗ್ರೈಂಡರ್ ಲೆಕ್ಕ ಯಾರು ಹಾಕುದು? ಹೆಂಡತಿಯ ಸಂಬಳ ಯಾರು ಕೊಡುದು? ಸೀದು ಹೋದ ಮೊದಲಿನ ನಾಲ್ಕು ದೋಸೆ ಯಾರ ಖಾತೆಗೆ?"

ನಾವು ಕೇಳಿದ್ವಿ, ಒಪ್ಪಿದ್ವಿ, ಚಹಾ ಮುಗಿಸಿ ಸೀದಾ ನಾನಾ ಪೇಟ್‌ಗೆ ಹೋದ್ವಿ. ಪುಣೆಲಿ ಗಾಡಿ ಸ್ಪೇರ್ ಪಾರ್ಟ್ಸ್ ಅಂದ್ರೆ ನಾನಾ ಪೇಟ್. ಭಾನುವಾರ ಬಹಳ ಅಂಗಡಿ ಬಂದ್, ಎಷ್ಟು ಬುದ್ಧಿವಂತರು ನಾವು ನೋಡಿ. ಸೋಮವಾರ ನಾನು ಆಫೀಸ್ ಮೀಟಿಂಗ್ ಒಂದನ್ನ ಹೊಟ್ಟೆನೋವಿಗೆ ಬಲಿಕೊಟ್ಟು ಮತ್ತೆ ಹೋದೆ, ತಲುಪಿದಾಗ ಒಂದೂ ಕಾಲು. ಅಂಗಡಿಯೋನು ಷಟರ್ ಅರ್ಧ ಎಳೆದು "ಏಕ್ ತೇ ಚಾರ್ ಬಂದ್" ಅಂದ. ಅರ್ಧ ಷಟರ್ ಕೆಳಗಿಂದ ಅವನ ಕಾಲು ಕಾಣ್ತಿತ್ತು, ಪ್ಯಾಡಿನ ಡಬ್ಬ ಕಾಣ್ತಿತ್ತು, ಆದ್ರೆ ಪುಣೆಲಿ ಮಧ್ಯಾಹ್ನದ ನಿದ್ದೆ ಎದುರು ಯಾವ ದುಡ್ಡೂ ನಡೆಯಲ್ಲ. ನಾಲ್ಕರವರೆಗೂ ಅಲ್ಲೇ ಕೂತು 1,350 ಕೊಟ್ಟು ಪ್ಯಾಡ್ ತಂದೆ. ವರ್ಕ್‌ಶಾಪಿಗಿಂತ 550 ಉಳೀತು ಅಂತ ಪಾಟೀಲನಿಗೆ ಮೆಸೇಜ್ ಹಾಕಿದೆ. ಅವನು ಹೆಬ್ಬೆರಳು ಕಳಿಸಿದ.

ಆಮೇಲೆ ಶುರುವಾಯ್ತು ನೋಡಿ ಸಾಮಾನು. ಗಾಡಿ ಜೊತೆ ಬರೋ ಜಾಕ್ ಸ್ಟೆಪ್ನಿ ಬದಲಾಯಿಸೋಕೆ ಮಾತ್ರ, ಅದನ್ನೊಂದನ್ನೇ ನಂಬಿ ಕೆಲಸಕ್ಕೆ ಇಳೀಬಾರದು, ಜಾರಿದ್ರೆ ಕಥೆ ಮುಗೀತು. ಹಾಗಾಗಿ ಜಾಕ್ ಸ್ಟ್ಯಾಂಡ್ ಜೋಡಿ, 1,700. ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗಕ್ಕೆ ಕ್ಯಾಲಿಪರ್ ಅಂತಾರೆ, ಅದರ ಒಳಗಿನ ಪಿಸ್ಟನ್ ಹಿಂದಕ್ಕೆ ಒತ್ತೋಕೆ ಸಿ ಕ್ಲ್ಯಾಂಪ್, 350. ಬೋಲ್ಟು ಎಷ್ಟು ಬಿಗಿ ಮಾಡಬೇಕೋ ಅಷ್ಟೇ ಮಾಡೋಕೆ ಟಾರ್ಕ್ ರೆಂಚ್, 2,400. ಇದು ಬೇಕಾಗಿರಲಿಲ್ಲ ಅಂತ ಪಾಟೀಲ ಇವತ್ತಿಗೂ ಹೇಳ್ತಾನೆ, ಆದ್ರೆ ಕೊಂಡ್ಕೊಳ್ಳೋವಾಗ "ತಗೋಳೋ, ಆಯುಷ್ಯ ಪೂರ್ತಿ ಬರ್ತೈತಿ" ಅಂದಿದ್ದೂ ಅವನೇ. ಬ್ರೇಕ್ ಕ್ಲೀನರ್ ಸ್ಪ್ರೇ 300, ಗ್ರೀಸು 150, ಗ್ಲೌಸು 60. ಹೆಂಡ್ತಿ ಒಂದೊಂದೇ ಪಾರ್ಸೆಲ್ ತಗೊಂಡು ಹಾಲಲ್ಲಿ ಸಾಲಾಗಿ ಜೋಡಿಸಿಟ್ಟಿದ್ಲು, ದಸರಾ ಗೊಂಬೆ ಕೂರಿಸಿದ ಹಾಗೆ.

ಮುಂದಿನ ಭಾನುವಾರ ಬೆಳಗ್ಗೆ ಎಂಟಕ್ಕೆ ಕೆಲಸ ಶುರು. ಪಾಟೀಲ ಬರ್ಮುಡಾ ಹಾಕ್ಕೊಂಡು ಬಂದ, ಶೆಟ್ರು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನೆರಳಲ್ಲಿ ಹಾಕ್ಕೊಂಡು ಕೂತ್ರು, ಟಿಕೆಟ್ ತಗೊಂಡು ಯಕ್ಷಗಾನಕ್ಕೆ ಬಂದೋರ ಥರ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟೆ. ಮೊದಲ ತಪ್ಪು ಎಂಟೂ ಹತ್ತಕ್ಕೆ. ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿಬಿಟ್ವಿ, ಆಮೇಲೆ ನಟ್ ಬಿಚ್ಚೋಕೆ ಹೋದ್ರೆ ಚಕ್ರನೇ ಗಿರ್ರಂತ ತಿರುಗುತ್ತೆ. ಚಕ್ರ ನೆಲದ ಮೇಲಿರೋವಾಗಲೇ ನಟ್ ಸ್ವಲ್ಪ ಸಡಿಲ ಮಾಡ್ಕೊಬೇಕು ಅಂತ ವಿಡಿಯೋದಲ್ಲಿ ಮೊದಲ ನಿಮಿಷಕ್ಕೇ ಹೇಳಿದ್ದ, ನಾನು ಆ ನಿಮಿಷ ಓಡಿಸಿ ಮುಂದಕ್ಕೆ ಹೋಗಿದ್ದೆ. ಮತ್ತೆ ಇಳಿಸಿ, ಸಡಿಲ ಮಾಡಿ, ಮತ್ತೆ ಎತ್ತಿ, ಅಷ್ಟೊತ್ತಿಗೆ ಒಂಬತ್ತು.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನ ಬ್ರೇಕ್ ಪೈಪಿಗೆ ಜೋತು ಬಿಡಬಾರದು, ರಬ್ಬರ್ ಹಾಳಾಗುತ್ತೆ. ನನ್ನ ಹಳೇ ಪಂಚೆ ಹರಿದು ಸ್ಪ್ರಿಂಗಿಗೆ ಕಟ್ಟಿದ್ವಿ. ಹಳೇ ಪ್ಯಾಡ್ ಹೊರಗೆ ಬಂತು, ಬಿಸ್ಕತ್ತಿಗಿಂತ ತೆಳ್ಳಗಾಗಿತ್ತು, ಹೊಸದರ ಪಕ್ಕ ಇಟ್ಟು ನೋಡಿ ಮೂರು ಜನಕ್ಕೂ ಒಂಥರಾ ಮೌನ. ಇದನ್ನ ಇಟ್ಕೊಂಡು ನಾನು ಖಂಬಾಟ್ಕಿ ಘಾಟ್ ಬೇರೆ ದಾಟಿ ಬಂದಿದ್ನಲ್ಲ.

ಈಗ ಪಿಸ್ಟನ್ ಒತ್ತೋದು. ಇಲ್ಲಿ ನನ್ನ ಬುದ್ಧಿವಂತಿಕೆ ಒಂದು ವಾರ ಮುಂಚೇನೇ ಕೆಲಸ ಮಾಡಿತ್ತು. ಬಾನೆಟ್ ತೆಗೆದಾಗ ಬ್ರೇಕ್ ಆಯಿಲ್ ಮಟ್ಟ ಕಮ್ಮಿ ಕಂಡಿತ್ತು, 250 ರೂಪಾಯಿ ಬಾಟ್ಲಿ ತಂದು ಮೇಲಿನ ಗೆರೆವರೆಗೂ ತುಂಬಿಸಿದ್ದೆ. ಅದು ಕಮ್ಮಿ ಆಗಿದ್ದು ಎಲ್ಲೂ ಸೋರಿ ಅಲ್ಲ, ಪ್ಯಾಡು ಸವೆದಷ್ಟೂ ಪಿಸ್ಟನ್ ಮುಂದೆ ಬಂದಿರುತ್ತೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಇಳಿದಿರುತ್ತೆ, ಅಷ್ಟೇ. ಈಗ ಪಾಟೀಲ ಕ್ಲ್ಯಾಂಪ್ ಹಾಕಿ ದವಡೆ ಕಚ್ಚಿ ತಿರುಗಿಸಿದ, ಪಿಸ್ಟನ್ ಹಿಂದೆ ಹೋಯ್ತು, ಇಳಿದಿದ್ದ ಆಯಿಲ್ ವಾಪಸ್ ಮೇಲೆ ಬಂತು, ಮೇಲೆ ನಾನು ತುಂಬಿಸಿಟ್ಟಿದ್ದೀನಿ, ಹಾಲು ಉಕ್ಕಿದ ಹಾಗೆ ಉಕ್ಕಿ ಡಬ್ಬಿಯಿಂದ ಆಚೆ ಫೆಂಡರ್ ಮೇಲೆಲ್ಲ. ಗೃಹಪ್ರವೇಶಕ್ಕೆ ಹಾಲು ಉಕ್ಕಿದ್ರೆ ಒಳ್ಳೇದು, ಬ್ರೇಕ್ ಆಯಿಲ್ ಉಕ್ಕಿದ್ರೆ ಪೇಂಟ್ ಎದ್ದು ಬರುತ್ತೆ. ತಕ್ಷಣ ನೀರು ಹಾಕಿ ತೊಳೆದಿದ್ರೆ ಉಳೀತಿತ್ತು, ನಾವು ಇಬ್ಬರೂ ಚಕ್ರದ ಹತ್ರ ತಲೆ ತೂರಿಸ್ಕೊಂಡಿದ್ವಿ, ನೋಡಿದ್ದು ಶೆಟ್ರು ಒಬ್ಬರೇ.

"ಅಲ್ಲಿ ಎಂತದೋ ಸೋರ್ತಾ ಉಂಟು ಅಂತ ನನಗೆ ಕಂಡಿತ್ತು. ಅದು ಕೂಡ ವಿಡಿಯೋದಲ್ಲಿ ಉಂಟೇನೋ ಅಂತ ಸುಮ್ಮನಿದ್ದೆ ಮಾರಾಯ."

ಎರಡೂ ಚಕ್ರ ಮುಗಿಯೋವಾಗ ಹನ್ನೆರಡೂವರೆ. ಮಧ್ಯೆ ಮಿಸಳ್ ಪಾವ್, ಚಹಾ, 420. ಹೊಸ ಪ್ಯಾಡ್ ಹಾಕಿದ ಮೇಲೆ ಗಾಡಿ ಅಲ್ಲಾಡಿಸೋಕೆ ಮುಂಚೆ ನಿಂತಲ್ಲೇ ಬ್ರೇಕ್ ಪೆಡಲ್ಲನ್ನ ಹತ್ತಿಪ್ಪತ್ತು ಸಲ ಒತ್ತಿ ಗಟ್ಟಿ ಮಾಡ್ಕೋಬೇಕು, ಯಾಕಂದ್ರೆ ಹಿಂದೆ ತಳ್ಳಿದ ಪಿಸ್ಟನ್ ಇನ್ನೂ ಪ್ಯಾಡಿಗೆ ಬಂದು ಮುಟ್ಟಿರಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಪಾಟೀಲನಿಗೆ ಗೊತ್ತಿರಲಿಲ್ಲ. ನಾನು ಕೈ ತೊಳೆಯೋಕೆ ಹೋದೆ, ಅವನು "ಒಂದ್ ರೌಂಡ್ ನೋಡೂಣ ತಡಿ" ಅಂತ ಇಟ್ಟಿಗೆ ಸರಿಸಿ ಸೀಟಲ್ಲಿ ಕೂತ. ಗಾಡಿ ಮೆಲ್ಲಗೆ ಮುಂದೆ ಸರೀತು, ಪೆಡಲ್ ಒತ್ತಿದ್ರೆ ಅದು ನೆಲ ಮುಟ್ಟಿ ಅಲ್ಲೇ ಮಲಗ್ತು, ಎದುರಿಗೆ ಸೊಸೈಟಿ ಛೇರ್ಮನ್ನರ ಸ್ಕೂಟರ್ರು, ಆ ಸ್ಕೂಟರ್ ಮೇಲೆ ಛೇರ್ಮನ್ನರು.

ಪಾಟೀಲ ಕೂಗಿದ್ದು ಮರಾಠಿಲೋ ಕನ್ನಡದಲ್ಲೋ ಇವತ್ತಿಗೂ ತೀರ್ಮಾನ ಆಗಿಲ್ಲ. ಹ್ಯಾಂಡ್‌ಬ್ರೇಕ್ ಎಳೆದ. ಹ್ಯಾಂಡ್‌ಬ್ರೇಕ್ ಕೇಬಲ್ ಮೇಲೆ ಹಿಂದಿನ ಡ್ರಮ್ ಹಿಡಿಯೋದು, ಆಯಿಲಿಗೂ ಅದಕ್ಕೂ ಸಂಬಂಧ ಇಲ್ಲ, ಅದೊಂದು ಉಳಿಸ್ತು. ಸ್ಕೂಟರಿಗೂ ಬಂಪರಿಗೂ ಮಧ್ಯೆ ಒಂದು ಚಕ್ಕುಲಿ ಅಗಲ ಜಾಗ ಉಳಿದಿತ್ತು. ಛೇರ್ಮನ್ನರು ಏನೂ ಬೈಲಿಲ್ಲ, ಕನ್ನಡಕ ಸರಿ ಮಾಡ್ಕೊಂಡು ಹೋದ್ರು. ಪುಣೆಯವರು ಬೈದೇ ಇದ್ರೆ ಜಾಸ್ತಿ ಭಯ.

ಸಾಯಂಕಾಲ ಮೂಲೆ ಗ್ಯಾರೇಜಿನ ಉಸ್ತಾದ್ ಹತ್ರ ಹೋಗಿ ಒಂದ್ಸಲ ನೋಡಿ ಅಂದೆ. ನೋಡಿದ, ಕೆಲಸ ಸರಿಯಾಗಿದೆ ಅಂದ, ಅದು ಕೇಳಿ ನನಗೆ ಡಿಗ್ರಿ ಸಿಕ್ಕಷ್ಟು ಖುಷಿ. ಡಿಸ್ಕ್ ಮೇಲೆ ಉಗುರು ಎಳೆದು "ಇದಕ್ಕೆ ಲೇತ್ ಯಾಕೆ, ನುಣ್ಣಗಿದೆ, ಬ್ರೇಕ್ ಒತ್ತಿದ್ರೆ ಸ್ಟೇರಿಂಗ್ ನಡುಗುತ್ತಾ? ಇಲ್ವಲ್ಲ" ಅಂದ. ಅಂದ್ರೆ ವರ್ಕ್‌ಶಾಪಿನ ಆ 800 ರೂಪಾಯಿ ಸುಮ್ನೆ. ಆಯಿಲ್ ಮಾತ್ರ ಬದಲಾಯಿಸಲೇಬೇಕು, ಅದು ಗಾಳಿಯ ನೀರಿನಂಶ ಹೀರ್ಕೊಳ್ಳುತ್ತೆ, ಎರಡು ವರ್ಷಕ್ಕೊಂದು ಸಲ ಹೊಸದು ಹಾಕಬೇಕು, ನೀರಿರೋ ಆಯಿಲ್ ಘಾಟಲ್ಲಿ ಕಾದು ಕುದಿದ್ರೆ ಪೆಡಲ್ ಮೆತ್ತಗಾಗುತ್ತೆ ಅಂದ. ಹಾಗಾದ್ರೆ ಪ್ಯಾಡ್ ಹಾಕೋಕೆ ನೀನು ಎಷ್ಟು ತಗೋತೀಯ ಅಂತ ಕೇಳಿದೆ, ಕೇಳಬಾರದಿತ್ತು. "ಪ್ಯಾಡ್ ನೀವು ತಂದ್ರೆ ನಾನ್ನೂರು. ನೀವೇ ಆದ್ರಿಂದ ಮುನ್ನೂರೈವತ್ತು."

ಮುಂದಿನ ಭಾನುವಾರ ಅಮೃತತುಲ್ಯದಲ್ಲಿ ಶೆಟ್ರು ಲೆಕ್ಕದ ಚೀಟಿ ತೆಗೆದ್ರು, ಕ್ಯಾಷಿಯರ್ ಅಕ್ಷರ, ಗುಂಡಗೆ. ಸಾಮಾನು 6,310, ಮಿಸಳ್ 420, ಎರೆದು ಚೆಲ್ಲಿದ ಆಯಿಲ್ 250, ಫೆಂಡರ್ ಟಚಪ್ 1,500. ಒಟ್ಟು 8,480. "5,251 ಉಳಿಸ್ಲಿಕ್ಕೆ 8,480. ನನ್ನ ಹೋಟ್ಲಲ್ಲಿ ನೀವು ಮ್ಯಾನೇಜರ್ ಆಗಿದ್ರೆ ನಾನು ಈಗ ದೋಣಿ ಮೇಲೆ ಇರ್ತಿದ್ದೆ."

ಪಾಟೀಲ ಬಿಡಲಿಲ್ಲ. "ಹಂಗ ಲೆಕ್ಕ ಹಾಕಬ್ಯಾಡ್ರಿ. ಸಾಮಾನು ಆಸ್ತಿ. ಮುಂದಿನ ಸಲ ಬರೇ ಪ್ಯಾಡು, ಸ್ಪ್ರೇ. 1,650. ಅವರು 5,251. ಒಂದ ಹೊಡೆತಕ್ಕ 3,601 ಉಳೀತೈತಿ. ಮೊದಲ ಸಲದ ಲಾಸು 3,229, ಎರಡನೇ ಸಲಕ್ಕ ಪೂರ್ತಿ ವಸೂಲಿ, ಮ್ಯಾಲ 372 ಲಾಭ."

"ಎರಡನೇ ಸಲ ಯಾವಾಗ?"

ನಾನು ವರ್ಷಕ್ಕೆ ಓಡಿಸೋದು ಆರು ಸಾವಿರ ಕಿಲೋಮೀಟರ್, ವಾರದಲ್ಲಿ ಮೂರು ದಿನ ಮನೇಲೇ ಲ್ಯಾಪ್‌ಟಾಪ್. ಮೊದಲಿನ ಪ್ಯಾಡು ನಲವತ್ತು ಸಾವಿರ ಬಂದಿತ್ತು. ಭಾಗಿಸಿ ನೋಡಿದ್ರೆ ಆರೂವರೆ ವರ್ಷ ಚಿಲ್ಲರೆ.

"ಒಳ್ಳೇದಾಯ್ತು" ಅಂದ್ರು ಶೆಟ್ರು, "ನಿಮ್ಮ ಮಗಳ ಮದುವೆ ಖರ್ಚಿಗೆ 372 ಆಯ್ತಲ್ಲ."

ನನ್ನ ಪ್ರಕಾರ ಇಬ್ಬರ ಲೆಕ್ಕನೂ ಅರ್ಧ. ವರ್ಕ್‌ಶಾಪ್ ಬಿಲ್ಲಲ್ಲಿ ಎಲ್ಲರ ಕಣ್ಣು ಕುಕ್ಕೋದು ಆ 700 ಲೇಬರ್ರು, ನಿಜಕ್ಕೂ ಅದರಲ್ಲಿ ಅಗ್ಗ ಅನ್ನೋದು ಅದೊಂದೇ. ಪೆಡಲ್ ನೆಲಕ್ಕೆ ಹೋಗೋ ವಿಷಯ ಗೊತ್ತಿರೋ ಒಬ್ಬ ಮನುಷ್ಯನಿಗೆ ಕೊಡೋ ದುಡ್ಡು ಅದು. ಜಗಳ ಆಡಬೇಕಿದ್ದದ್ದು ಲೇತ್ ಮೇಲೆ, ಕ್ಲೀನಿಂಗ್ ಮೇಲೆ, ನಾವು ಆಡಿದ್ದು ಲೇಬರ್ ಮೇಲೆ. ಇದನ್ನ ಅವತ್ತು ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಶೆಟ್ರು ಲೋಟ ಕೆಳಗಿಟ್ಟು ಗಂಟಲು ಸರಿ ಮಾಡ್ಕೊಂಡ್ರು.

"ಅದು ಹಾಗಿರ್ಲಿ. ನಮ್ಮ ಗಾಡಿಯಲ್ಲಿ ಕೂಡ ಎರಡು ದಿನದಿಂದ ಒಂದು ಹಕ್ಕಿ ಕೂಗ್ತಾ ಉಂಟು. ಆ ಸ್ಟ್ಯಾಂಡ್, ಕ್ಲ್ಯಾಂಪ್ ಎಲ್ಲ ನಿಮ್ಮ ಹತ್ರ ಖಾಲಿ ಬಿದ್ದುಕೊಂಡಿದೆ ಅಲ್ವಾ?"

"ಇದೆ. ಲೇಬರ್ 700, ಮೇಲೆ ಜಿಎಸ್‌ಟಿ" ಅಂದೆ. ಭಾನುವಾರ ಎಂಟು ಗಂಟೆಗೆ ಅಂತ ಮಾತಾಯ್ತು, ಮಿಸಳ್ ಶೆಟ್ರದ್ದು.

ವಾಪಸ್ ಬರೋವಾಗ ಲಿಫ್ಟ್ ಪಕ್ಕದ ಬೋರ್ಡಲ್ಲಿ ಹೊಸ ನೋಟಿಸ್ ಅಂಟಿಸಿದ್ರು, ಛೇರ್ಮನ್ನರ ಸಹಿ, ಮರಾಠಿಯಲ್ಲಿ, ಎರಡೇ ಸಾಲು, ಹೆಸರು ಯಾರದ್ದೂ ಇಲ್ಲ. ಪಾಟೀಲ ನಿಂತು ಓದಿ ನಮಗೆ ಕನ್ನಡದಲ್ಲಿ ಹೇಳಿದ: "ಈ ಜಾಗ ಇರೋದು ಗಾಡಿ ನಿಲ್ಲಿಸಾಕ. ಗಾಡಿ ನಿಲ್ಲಿಸೋದನ್ನ ಕಲಿಯಾಕಲ್ಲ."